ವಿಕಲಚೇತನರ ಸಂಸ್ಥೆಗೆ ಬಾಡಿಗೆ ಮನೆಯಲ್ಲಿ ಕಚೇರಿ: ಯಾವ ಜಾಗ, ಏನೇನು ಬದಲಾವಣೆ?

ಪ್ರಶ್ನೆ: ದಾವಣಗೆರೆಯಲ್ಲಿ ವಿಕಲಚೇತನರಿಗಾಗಿ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದೇವೆ. 12 ಜನ ಸಿಬ್ಬಂದಿ. ಅವರಲ್ಲಿ ಐವರು ವಿಕಲಚೇತನರು. ಯುಡಿಐಡಿ ಕಾರ್ಡು (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಪಿಂಚಣಿ ಅರ್ಜಿ, ಫಿಸಿಯೋಥೆರಪಿ, ಮಕ್ಕಳ ತರಬೇತಿ, ಆಪ್ತ ಸಮಾಲೋಚನೆ ಅಂತ ದಿನಕ್ಕೆ 30–40 ಜನ ಬಂದು ಹೋಗುತ್ತಾರೆ. ಈಗಿನ ಜಾಗ ಸಾಲುತ್ತಿಲ್ಲ. ಎರಡು ಜಾಗ ನೋಡಿದ್ದೇವೆ. ಒಂದು, ಬಡಾವಣೆಯೊಳಗಿನ ಹಳೇ ಮನೆ: ನೆಲಮಹಡಿ, ಮುಂದೆ ಮೂರು ಮೆಟ್ಟಿಲು, ಮನೆಯ ಮುಂಭಾಗ 30 ಅಡಿ ಅಗಲ, ಬಾಗಿಲು ಎಡತುದಿಯಲ್ಲಿದೆ. ಇನ್ನೊಂದು, ಮುಖ್ಯರಸ್ತೆಯ ಹೊಸ ಕಾಂಪ್ಲೆಕ್ಸಿನಲ್ಲಿ ಮೊದಲ ಮಹಡಿ: ಲಿಫ್ಟ್ ಇದೆ. ಬದಲಾವಣೆಗೆ ನಮ್ಮ ಹತ್ತಿರ ಇರುವುದು ಆರು ಲಕ್ಷ. ಯಾವುದು ಒಳ್ಳೆಯದು? ಯಾವುದಕ್ಕೆ ಮೊದಲು ಖರ್ಚು ಮಾಡಬೇಕು? ಬಂದವರಿಗೆ ಆಸ್ಪತ್ರೆಗೆ ಬಂದ ಹಾಗೆ ಅನ್ನಿಸಬಾರದು ಅನ್ನುವುದು ನಮ್ಮ ಆಸೆ.

ಉತ್ತರ: ಹಳೇ ಮನೆಯನ್ನೇ ತೆಗೆದುಕೊಳ್ಳಿ.

ಲಿಫ್ಟ್ ಇದೆ ಅಂದ ತಕ್ಷಣ ಅರ್ಧ ಚಿಂತೆ ಕಳೆಯಿತು ಅನ್ನಿಸುತ್ತದೆ, ನಿಜ. ಆದರೆ ಆ ಕಾಂಪ್ಲೆಕ್ಸಿಗೆ ಒಂದು ಅಳತೆ ಟೇಪು ಹಿಡಿದುಕೊಂಡು ಹೋಗಿ. ನಾಲ್ಕು–ಆರು ಜನ ಹಿಡಿಸುವ ಸಣ್ಣ ಲಿಫ್ಟುಗಳ ಬಾಗಿಲು ಸಾಮಾನ್ಯವಾಗಿ 700ರಿಂದ 800 ಮಿ.ಮೀ. ಇರುತ್ತದೆ. ಬೇಕಾಗಿರುವುದು 900. ಬಾಗಿಲು ಸಾಕಾದರೂ ಒಳಗಿನ ಆಳ ಸಾಲದೆ ವೀಲ್‌ಚೇರಿನಲ್ಲಿ ಕೂತವರ ಪಾದ ಹೊರಗೇ ಉಳಿಯಬಹುದು, ತಳ್ಳಿಕೊಂಡು ಬಂದ ತಾಯಿಗೆ ನಿಲ್ಲಲು ಜಾಗ ಇರುವುದಿಲ್ಲ. ಲಿಫ್ಟಿನ ತನಕ ಹೋಗುವ ದಾರಿಯಲ್ಲೇ ಎರಡು ಮೆಟ್ಟಿಲು ಇರುವ ಕಾಂಪ್ಲೆಕ್ಸುಗಳು ಎಷ್ಟೋ. ಶೌಚಾಲಯ ಎಲ್ಲ ಅಂಗಡಿಗಳಿಗೂ ಸೇರಿ ಒಂದೇ ಇದ್ದು, ಅದೂ ಮೆಟ್ಟಿಲ ತಿರುವಿನಲ್ಲಿ ಇರುವುದುಂಟು. ಇದೆಲ್ಲ ಸರಿಯಿದೆ ಅಂತಲೇ ಇಟ್ಟುಕೊಳ್ಳಿ, ಕರೆಂಟ್ ಹೋದಾಗ? ಜನರೇಟರ್ ಲಿಫ್ಟಿಗೆ ಸೇರಿದೆಯೋ ಇಲ್ಲವೋ, ಅದರ ಡೀಸೆಲ್ ಯಾರು ಹಾಕಿಸುತ್ತಾರೆ, ಲಿಫ್ಟ್ ಕೆಟ್ಟರೆ ರಿಪೇರಿಗೆ ಎಷ್ಟು ದಿನ, ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಬೆಂಕಿ ಬಿದ್ದರೆ ಲಿಫ್ಟ್ ಬಳಸುವ ಹಾಗೇ ಇಲ್ಲ. ಆಗ ಮೊದಲ ಮಹಡಿಯಲ್ಲಿರುವ ವೀಲ್‌ಚೇರ್ ಬಳಕೆದಾರರನ್ನು ಎತ್ತಿಕೊಂಡೇ ಇಳಿಸಬೇಕು. ಮೂರು ಮೆಟ್ಟಿಲನ್ನು ನಾವು ಗೆಲ್ಲಬಹುದು. ಒಂದು ಮಹಡಿಯನ್ನು ಗೆಲ್ಲುವುದು ಕಷ್ಟ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಸಾಲು: 12 ಜನರಲ್ಲಿ ಐವರು ವಿಕಲಚೇತನರು. ಈ ಕಚೇರಿಯನ್ನು ಅವರಿಗಾಗಿ ಕಟ್ಟಿ. ಬಂದು ಹೋಗುವವರು ಅರ್ಧ ಗಂಟೆ ಇರುತ್ತಾರೆ, ಕಷ್ಟವಾದರೂ ಸುಮ್ನೆ ಸಹಿಸಿಕೊಂಡು ಹೋಗಿಬಿಡುತ್ತಾರೆ. ಇವರು ದಿನಕ್ಕೆ ಎಂಟು ಗಂಟೆ ಅಲ್ಲೇ ಇರುತ್ತಾರೆ. ಫೈಲು ತೆಗೆಯಬೇಕು, ಟೀ ಮಾಡಿಕೊಳ್ಳಬೇಕು, ಮೀಟಿಂಗಿಗೆ ಕೂರಬೇಕು, ಮೂರ್ನಾಲ್ಕು ಸಲ ಶೌಚಾಲಯಕ್ಕೆ ಹೋಗಬೇಕು. ಇಷ್ಟನ್ನೂ ಯಾರ ಸಹಾಯವನ್ನೂ ಕೇಳದೆ ಮಾಡುವಂತಾದರೆ ಹೊರಗಿಂದ ಬಂದವರಿಗೆ ಆ ಜಾಗ ತಾನಾಗಿಯೇ ಒಗ್ಗುತ್ತದೆ. ಹಳ್ಳಿಯಿಂದ ಮಗನನ್ನು ಕರೆದುಕೊಂಡು ಬಂದ ಅಪ್ಪನಿಗೆ ವೀಲ್‌ಚೇರಿನಲ್ಲಿ ಕೂತೇ ಅರ್ಜಿ ತುಂಬಿಸಿಕೊಡುವ ಉದ್ಯೋಗಿ ಮೊದಲು ಕಣ್ಣಿಗೆ ಬೀಳಬೇಕು. ಗೋಡೆಗೆ ಎಷ್ಟೇ ಚಂದದ ಬಣ್ಣ ಬಳಿದರೂ ಆ ನೋಟ ಕೊಡುವಷ್ಟು ಧೈರ್ಯ ಕೊಡುವುದಿಲ್ಲ. ನಮ್ಮಲ್ಲಿ ಬಹಳ ಸಂಸ್ಥೆಗಳು ಮುಂದಿನ ಹಾಲ್ ಮಾತ್ರ ಸರಿ ಮಾಡಿಸಿ, ಅಕೌಂಟ್ಸ್ ಕೋಣೆಯನ್ನೂ ಮುಖ್ಯಸ್ಥರ ಕೋಣೆಯನ್ನೂ ಮೆಟ್ಟಿಲ ಮೇಲೆ ಇಡುತ್ತವೆ. ಅಲ್ಲಿಗೆ ಯಾರು ತಲುಪಬಾರದು ಅನ್ನುವ ತೀರ್ಮಾನ ಆಗಲೇ ಆಗಿಹೋಗಿರುತ್ತದೆ.

ಈಗ ಮೆಟ್ಟಿಲಿನ ಲೆಕ್ಕ. ಮೂರು ಮೆಟ್ಟಿಲು ಅಂದರೆ ಹೆಚ್ಚುಕಡಿಮೆ ಒಂದೂವರೆ ಅಡಿ ಎತ್ತರ. ರ‍್ಯಾಂಪಿನ ನಿಯಮ 1:12. ಒಂದು ಅಡಿ ಏರಲು 12 ಅಡಿ ಉದ್ದ. ನಿಮಗೆ 18 ಅಡಿ ಬೇಕು. ಮೇಲೆ ಬಾಗಿಲ ಎದುರು 5 ಅಡಿ ಚೌಕದ ಸಮತಟ್ಟು ಜಾಗ, ಕೆಳಗೆ ಇಳಿದಲ್ಲಿ ಇನ್ನೊಂದು 5 ಅಡಿ. ಒಟ್ಟು 28 ಅಡಿ. ಗೇಟಿನಿಂದ ನೇರವಾಗಿ ಬಾಗಿಲಿಗೆ ಹತ್ತಿಸಲು ಹೋದರೆ ಜಾಗ ಸಾಲುವುದಿಲ್ಲ. ಆದರೆ ನಿಮ್ಮ ಬಾಗಿಲು ಎಡತುದಿಯಲ್ಲಿದೆ, ಮುಂಭಾಗ 30 ಅಡಿ ಇದೆ. ಗೋಡೆಗುಂಟ ಅಡ್ಡಲಾಗಿ ಒಂದೇ ಓಟದಲ್ಲಿ ರ‍್ಯಾಂಪ್ ಬರುತ್ತದೆ. ಗೇಟ್ ಬಲಗಡೆಗೆ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಗೇಟನ್ನೇ ಬಲಕ್ಕೆ ಸರಿಸಲು ಮಾಲೀಕರನ್ನು ಕೇಳಿ, ದೊಡ್ಡ ಖರ್ಚಲ್ಲ.

ಇಲ್ಲಿ ಮೇಸ್ತ್ರಿಯ ಜೊತೆ ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕು. ನಮ್ಮ ಮೇಸ್ತ್ರಿಗಳ ಕೈಗೆ ರೂಢಿಯಾಗಿರುವುದು ಸ್ಕೂಟರ್ ಹತ್ತಿಸುವ ರ‍್ಯಾಂಪ್. ನಾಲ್ಕೈದು ಅಡಿಯಲ್ಲೇ ಒಂದೂವರೆ ಅಡಿ ಏರಿಸಿಬಿಡುತ್ತಾರೆ. ಸ್ಕೂಟರಿಗೆ ಎಂಜಿನ್ ಇದೆ, ತೋಳಿನಿಂದ ಚಕ್ರ ತಿರುಗಿಸುವವರಿಗೆ ಇಲ್ಲ. ಕಡಿದಾದ ರ‍್ಯಾಂಪಿನಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ, ಊರುಗೋಲು ಹಿಡಿದವರು ಇಳಿಯುವಾಗ ಮುಂದಕ್ಕೆ ಬೀಳುತ್ತಾರೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ 18 ಅಡಿ ಗೆರೆ ಹಾಕಿಸಿ. ಗೋಡೆಯ ಮೇಲೆ ಇಳಿಜಾರಿನ ದಾರ ಕಟ್ಟಿಸಿ, ನೀರಿನ ಟ್ಯೂಬಿನಲ್ಲಿ ಮಟ್ಟ ನೋಡಿಸಿ. ಪಾಯದ ಎತ್ತರವನ್ನು ಬಾಗಿಲ ಹತ್ತಿರ ಮಾತ್ರ ಅಳೆಯಬೇಡಿ, ರ‍್ಯಾಂಪ್ ಮುಗಿಯುವ ಬಲತುದಿಯಲ್ಲೂ ಅಳೆಯಿರಿ. ಅಂಗಳ ಆ ಕಡೆಗೆ ಇಳಿಜಾರಾಗಿದ್ದರೆ ಲೆಕ್ಕವೇ ಬದಲಾಗುತ್ತದೆ.

ಅಗಲ ನಾಲ್ಕು ಅಡಿಗೆ, ಅಂದರೆ 1200 ಮಿ.ಮೀ.ಗೆ ಕಡಿಮೆ ಬೇಡ. ಕಂಬಿ ಎರಡೂ ಬದಿಗೆ ಬೇಕು, ಎರಡು ಎತ್ತರದಲ್ಲಿ ಬೇಕು. ಮೇಲಿನದು 900 ಮಿ.ಮೀ., ಕೆಳಗಿನದು 760ರ ಆಸುಪಾಸು. ಕೆಳಗಿನದು ಮಕ್ಕಳಿಗೆ, ಕುಳ್ಳಗಿರುವವರಿಗೆ, ವೀಲ್‌ಚೇರಿನಲ್ಲಿ ಕೂತು ಎಳೆದುಕೊಂಡು ಏರುವವರಿಗೆ. ಗೋಡೆಗೂ ಕಂಬಿಗೂ ನಡುವೆ ಬೆರಳು ಸಲೀಸಾಗಿ ಆಡುವಷ್ಟು, ಸುಮಾರು ಎರಡು ಇಂಚು, ಸಂದು ಬಿಡಿಸಿ. ನೆಲಕ್ಕೆ ಪಾಲಿಶ್ ಮಾಡಿದ ಗ್ರಾನೈಟ್ ಬೇಡವೇ ಬೇಡ. ಮಳೆಗಾಲದ ಮೊದಲ ದಿನವೇ ಯಾರಾದರೂ ಜಾರುತ್ತಾರೆ. ಒರಟು ಮೈಯ ಸಾದರಹಳ್ಳಿ ಕಲ್ಲು, ಇಲ್ಲವೇ ಪೊರಕೆ ಎಳೆದು ಗೆರೆ ಮೂಡಿಸಿದ ಸಿಮೆಂಟ್ ಸಾಕು.

ಒಂದು ವಿಷಯ ಎಲ್ಲರ ಕಣ್ಣಿಗೂ ತಪ್ಪುತ್ತದೆ. ಗೋಡೆಗುಂಟ ರ‍್ಯಾಂಪ್ ಬಂತು ಅಂದರೆ ಅದು ಕಿಟಕಿಗಳ ಮುಂದೆಯೇ ಹಾದುಹೋಗುತ್ತದೆ. ಹಳೇ ಮನೆಗಳ ಕಿಟಕಿ ಬಾಗಿಲು ಹೊರಗೆ ತೆರೆಯುತ್ತವೆ. ದೃಷ್ಟಿ ಇಲ್ಲದವರ ಕೋಲು ನೆಲ ತಡವುತ್ತದೆ, ಮುಖದ ಮಟ್ಟದಲ್ಲಿ ಚಾಚಿಕೊಂಡ ಕಿಟಕಿಯ ಮೂಲೆ ಅದಕ್ಕೆ ಸಿಗುವುದಿಲ್ಲ. ಆ ಕಿಟಕಿಗಳನ್ನು ಸರಿಯುವ ಬಾಗಿಲಿಗೆ ಬದಲಾಯಿಸಿ. ಎಸಿಯ ಹೊರಗಿನ ಪೆಟ್ಟಿಗೆ, ಮೀಟರ್ ಬೋರ್ಡ್, ಮೆಟ್ಟಿಲ ಕೆಳಭಾಗ, ಕಾರಿಡಾರಿನಲ್ಲಿ ನೇತುಹಾಕಿದ ಬೆಂಕಿ ಆರಿಸುವ ಸಿಲಿಂಡರ್ ಎಲ್ಲಕ್ಕೂ ಇದೇ ಮಾತು. ತಲೆಗೆ, ಎದೆಗೆ ತಾಗುವ ಜಾಗದಲ್ಲಿ ಏನೂ ಚಾಚಿಕೊಂಡಿರಬಾರದು.

ಮುಂದೆ ಹೊಸಿಲು. ದಾವಣಗೆರೆಯ ಹಳೇ ಮನೆಗಳಲ್ಲಿ ಎರಡು ಇಂಚಿನ ಮರದ ಹೊಸಿಲು ಸಾಮಾನ್ಯ. ನಿಯಮದ ಪ್ರಕಾರ 12 ಮಿ.ಮೀ.ಗಿಂತ ಎತ್ತರದ ಹೊಸಿಲು ಇರಬಾರದು. ಆದರೆ ಮಾಲೀಕರು ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಹೊಸಿಲನ್ನು ಕೊಯ್ಯಿರಿ ಅಂತ ಕೇಳುವುದು ಅವರಿಗೂ ನೋವು, ನಿಮಗೂ ಮುಜುಗರ. ಕೊಯ್ಯದೆಯೇ ದಾರಿ ಇದೆ. ರ‍್ಯಾಂಪಿನ ಮೇಲಿನ ಸಮತಟ್ಟನ್ನೇ ಹೊಸಿಲ ಮಟ್ಟಕ್ಕೆ ಎರಡು ಇಂಚು ಎತ್ತರಿಸಿ. ರ‍್ಯಾಂಪ್ ಎರಡು ಅಡಿ ಉದ್ದವಾಗುತ್ತದೆ, ನಿಮ್ಮ 30 ಅಡಿಯಲ್ಲಿ ಅದಕ್ಕೂ ಜಾಗ ಇದೆ. ಒಳಗಡೆ ಎರಡು ಅಡಿ ಉದ್ದದ ಮರದ ಇಳಿಜಾರು ಹಲಗೆ ಕೂರಿಸಿ, ಮೇಲೆ ರಬ್ಬರ್ ಮ್ಯಾಟ್ ಅಂಟಿಸಿ. ಮನೆ ಬಿಡುವ ದಿನ ಹಲಗೆ ಎತ್ತಿದರೆ ಹೊಸಿಲು ಹಾಗೇ ಇರುತ್ತದೆ. ಅದರ ಬದಲು ಹಿತ್ತಿಲ ಬಾಗಿಲಿಗೆ ರ‍್ಯಾಂಪ್ ಮಾಡೋಣ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಒಪ್ಪಬೇಡಿ. ಅಧ್ಯಕ್ಷರು ಮುಂಬಾಗಿಲಿನಿಂದ, ವೀಲ್‌ಚೇರಿನವರು ಹಿತ್ತಿಲಿನಿಂದ ಬರುವ ಕಚೇರಿ ವಿಕಲಚೇತನರ ಸಂಸ್ಥೆ ಅಂತ ಬೋರ್ಡು ಹಾಕಿಕೊಳ್ಳಬಾರದು. ಹಿತ್ತಿಲಿಗೂ ಒಂದು ಸಣ್ಣ ರ‍್ಯಾಂಪ್ ಬೇಕು, ಆದರೆ ಅದು ತುರ್ತು ಸಮಯದಲ್ಲಿ ಹೊರಗೆ ಓಡಲು.

ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಕ್ಯಾಂಪಸ್ ಅಂತ ಒಂದು ಕಟ್ಟಡ ಇದೆ. ಪೋಲಿಯೋದಿಂದ ಕೈಕಾಲಿನ ಬಲ ಕಳೆದುಕೊಂಡು, ನಂತರ ವಿಕಲಚೇತನರ ಹಕ್ಕಿನ ಚಳವಳಿ ಕಟ್ಟಿದ ಎಡ್ ರಾಬರ್ಟ್ಸ್ ಅವರ ಹೆಸರಿನದು. 2010ರಲ್ಲಿ ತೆರೆಯಿತು. ವಿಕಲಚೇತನರಿಗಾಗಿ ದುಡಿಯುವ ಹಲವು ಸಂಸ್ಥೆಗಳು ಒಟ್ಟಿಗೆ ಅಲ್ಲಿವೆ. ಒಳಗೆ ಕಾಲಿಟ್ಟರೆ ನಟ್ಟನಡುವೆ ಕೆಂಪು ಬಣ್ಣದ ದೊಡ್ಡ ರ‍್ಯಾಂಪ್ ಸುರುಳಿಯಾಗಿ ಮಹಡಿಗೆ ಏರುತ್ತದೆ. ಆ ಕಟ್ಟಡದ ಗುರುತೇ ಅದು. ಮೆಟ್ರೋ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಇದೆ, ಜನ ಇಳಿದು ನೇರ ಬರಬಹುದು. ಅಷ್ಟು ಹಣ ನಮ್ಮ ಹತ್ತಿರ ಇಲ್ಲ. ಆದರೆ ರ‍್ಯಾಂಪನ್ನು ಮುಚ್ಚಿಡದೆ ಮನೆಯ ಮುಖವನ್ನಾಗಿ ಮಾಡಬಹುದು ಅನ್ನುವ ಬುದ್ಧಿಗೆ ಹಣ ಬೇಕಿಲ್ಲ. ರ‍್ಯಾಂಪಿನ ಗುಂಟ ಅಗಲವಾದ ಜಗುಲಿ ಮಾಡಿಸಿ. ಕಾಯುವವರು ಅಲ್ಲೇ ಕೂತು ಮಾತಾಡಲಿ. ಆಸ್ಪತ್ರೆ ಥರ ಅನ್ನಿಸಬಾರದು ಅಂದಿರಲ್ಲ, ಅದಕ್ಕೆ ನನ್ನ ಮೊದಲ ಉತ್ತರ ಈ ಜಗುಲಿ.

ನಿಲ್ದಾಣದ ಮಾತು ಬಂತು. ಬಸ್ ಸ್ಟಾಪಿನಿಂದ ಆ ಮನೆಯ ತನಕ ನಿಮ್ಮ ವೀಲ್‌ಚೇರ್ ಬಳಸುವ ಸಿಬ್ಬಂದಿ, ದೃಷ್ಟಿ ಇಲ್ಲದ ಸಿಬ್ಬಂದಿ ಇಬ್ಬರ ಜೊತೆಗೂ ಒಮ್ಮೆ ಹೋಗಿ ನೋಡಿ. ಮುಚ್ಚಳ ಇಲ್ಲದ ಚರಂಡಿ, ಆಟೋ ನಿಲ್ಲಲು ಜಾಗ ಇಲ್ಲದ ತಿರುವು ಇದ್ದರೆ ಗೊತ್ತಾಗುತ್ತದೆ. ಮನೆ ಮುಂದೆ ಪಕ್ಕದ ಗಾಲಿ ಹಾಕಿದ ಸ್ಕೂಟರುಗಳಿಗೆ, ಕೈಯಲ್ಲಿ ತುಳಿಯುವ ತ್ರಿಚಕ್ರಿಗಳಿಗೆ ನೆರಳಿನ ಜಾಗ ಬೇಕು. ಸ್ಕೂಟರಿನಿಂದ ವೀಲ್‌ಚೇರಿಗೆ ಅಥವಾ ಊರುಗೋಲಿಗೆ ಇಳಿಯಲು ಪಕ್ಕದಲ್ಲಿ ನಾಲ್ಕು ಅಡಿ ಖಾಲಿ ಇರಲಿ. ಸಿಬ್ಬಂದಿಯ ಬೈಕುಗಳು ಅಲ್ಲಿಗೆ ನುಗ್ಗದ ಹಾಗೆ ನೋಡಿಕೊಳ್ಳಿ.

ಚಪ್ಪಲಿ ವಿಷಯ ಸಣ್ಣದು ಅನ್ನಿಸಬಹುದು, ಆದರೆ ನಮ್ಮಲ್ಲಿ ಇದು ದೊಡ್ಡದು. ‘ಚಪ್ಪಲಿ ಇಲ್ಲಿ ಬಿಡಿ’ ಅಂತ ಬಾಗಿಲಲ್ಲಿ ಬೋರ್ಡು ಹಾಕುತ್ತೇವೆ. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿದವರ ಶೂ ಅದರ ಕಬ್ಬಿಣದ ಪಟ್ಟಿಗೇ ಸೇರಿರುತ್ತದೆ. ಬಿಚ್ಚಿದರೆ ಅವರು ನಿಲ್ಲಲಾರರು. ಕುಷ್ಠರೋಗದಿಂದ ಗುಣವಾದವರ, ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶ ಇರದೆ ಸಣ್ಣ ಕಲ್ಲೂ ಗಾಯ ಮಾಡಬಹುದು. ಅವರು ಪಾದರಕ್ಷೆ ಬಿಡಲೇಬಾರದು. ಬಿಟ್ಟ ಚಪ್ಪಲಿಗಳ ರಾಶಿಯೋ, ಸರಿಯಾಗಿ ರ‍್ಯಾಂಪಿನ ಮೇಲ್ತುದಿಯಲ್ಲೇ ಬೀಳುತ್ತದೆ. ಆ ಬೋರ್ಡೇ ಬೇಡ. ನೆಲ ಕೊಳೆಯಾದರೆ ಎರಡು ಸಲ ಒರೆಸೋಣ. ತೆವಳಿಕೊಂಡು ಬರುವವರೂ ನಿಮ್ಮಲ್ಲಿಗೆ ಬರುತ್ತಾರಲ್ಲ, ಅವರಿಗಾಗಿಯಾದರೂ ನೆಲ ಹೇಗೂ ಚೊಕ್ಕಟವಾಗಿಯೇ ಇರಬೇಕು.

ಹಣ ಜಾಸ್ತಿ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಶೌಚಾಲಯಕ್ಕೆ. ಬೇರೆ ಎಲ್ಲವನ್ನೂ ಮುಂದೂಡಬಹುದು, ಇದನ್ನಲ್ಲ. ಹೊರಗೆ ಹೋದರೆ ಶೌಚಾಲಯ ಸಿಗುವುದಿಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಬರುವ ಹೆಂಗಸರು ನಿಮ್ಮ ಬೆಂಚಿನ ಮೇಲೆ ಕೂತಿರುತ್ತಾರೆ. ಬೆನ್ನುಹುರಿ ಪೆಟ್ಟಾದವರಿಗೆ ಇದು ಕಿಡ್ನಿಯ ಪ್ರಶ್ನೆ.

ಹಳೇ ಮನೆಗಳಲ್ಲಿ ಬಚ್ಚಲು, ಕಕ್ಕಸು ಅಕ್ಕಪಕ್ಕದಲ್ಲಿ ಇರುತ್ತವೆ. ನಡುವಿನ ಗೋಡೆ ಸಾಮಾನ್ಯವಾಗಿ ನಾಲ್ಕೂವರೆ ಇಂಚಿನದು. ಅದು ಭಾರ ಹೊರುತ್ತಿಲ್ಲ ಅಂತ ಎಂಜಿನಿಯರಿಂದ ಖಚಿತ ಮಾಡಿಕೊಂಡು ತೆಗೆಸಿ. ಎರಡೂ ಸೇರಿ ಒಂದು ಕೋಣೆ ಆಗುತ್ತದೆ. ಒಳಗೆ 2000 ಮಿ.ಮೀ.ಗೆ 2200 ಮಿ.ಮೀ. ಸಿಗಬೇಕು. ಆರೂವರೆ ಅಡಿಗೆ ಏಳೂಕಾಲು ಅಡಿ ಅನ್ನಿ. ನಡುವೆ ವೀಲ್‌ಚೇರ್ ಒಂದು ಸುತ್ತು ತಿರುಗಲು ಐದು ಅಡಿ ವ್ಯಾಸದ ಖಾಲಿ ಜಾಗ. ಬಾಗಿಲು ಹೊರಗೆ ತೆರೆಯಲಿ ಅಥವಾ ಪಕ್ಕಕ್ಕೆ ಸರಿಯಲಿ. ಒಳಗೆ ತೆರೆಯುವ ಬಾಗಿಲಿದ್ದು, ಒಳಗಿನವರು ಅದಕ್ಕೆ ಅಡ್ಡ ಬಿದ್ದರೆ ತೆರೆಯಲಿಕ್ಕೇ ಆಗುವುದಿಲ್ಲ. ಬಚ್ಚಲಿನ ನೆಲ ಎರಡು ಇಂಚು ತಗ್ಗಿನಲ್ಲಿ ಇರುತ್ತದಲ್ಲ, ಅದನ್ನು ತುಂಬಿಸಿ ಹೊರಗಿನ ನೆಲದ ಮಟ್ಟಕ್ಕೇ ತನ್ನಿ. ನೀರು ಹೊರಗೆ ಬರದಂತೆ ಬಾಗಿಲ ಉದ್ದಕ್ಕೂ ಜಾಲರಿ ಹಾಕಿದ ಕಾಲುವೆ ಮಾಡಿಸಿ.

ಕಮೋಡಿನ ಸೀಟು ನೆಲದಿಂದ 450–480 ಮಿ.ಮೀ. ಎತ್ತರದಲ್ಲಿರಲಿ, ವೀಲ್‌ಚೇರಿನ ಸೀಟಿಗೆ ಸರಿಸಮ. ಒಂದು ಪಕ್ಕ ಗೋಡೆ, ಅದರಲ್ಲಿ ಗಟ್ಟಿ ಕಂಬಿ. ಇನ್ನೊಂದು ಪಕ್ಕ ವೀಲ್‌ಚೇರ್ ನಿಲ್ಲುವಷ್ಟು ಖಾಲಿ, ಆ ಬದಿಗೆ ಮೇಲಕ್ಕೆ ಮಡಚುವ ಕಂಬಿ. ಕಂಬಿ ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಬರೀ ಟೈಲ್ಸಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಒಂದು ದಿನ ಮನುಷ್ಯರ ಸಮೇತ ಕಳಚುತ್ತದೆ. ಇಟ್ಟಿಗೆಯ ಒಳಗೆ ಆ್ಯಂಕರ್ ಬೋಲ್ಟ್ ಹೋಗಬೇಕು. ಮುಗಿದ ಮೇಲೆ ದಪ್ಪಗಿರುವ ಒಬ್ಬರು ಅದಕ್ಕೆ ಪೂರ್ತಿ ಜೋತುಬಿದ್ದು ಪರೀಕ್ಷೆ ಮಾಡಲಿ. ನೀರಿನ ಜೆಟ್ ಹಿಂದಿನ ಗೋಡೆಯಲ್ಲಿ ಬೇಡ, ಕೂತಲ್ಲಿಂದಲೇ ಕೈಗೆ ಸಿಗುವಂತೆ ಪಕ್ಕದ ಗೋಡೆಯಲ್ಲಿ ಇರಲಿ. ನಮ್ಮಲ್ಲಿ ಬಕೆಟ್, ಮಗ್ ಇಲ್ಲದೆ ಆಗುವುದಿಲ್ಲ. ಮಗ್ಗಿಗೆ ಸೀಟಿನ ಎತ್ತರದಲ್ಲಿ ಒಂದು ಸಣ್ಣ ಕಟ್ಟೆ ಮಾಡಿಸಿ. ಕರೆಗಂಟೆಗೆ ಹಗ್ಗ ಕಟ್ಟಿ ನೆಲದಿಂದ ಒಂದು ಅಡಿಯ ತನಕ ಇಳಿಬಿಡಿ. ಬಿದ್ದವರ ಕೈಗೂ ಸಿಗಬೇಕು. ಗೋಡೆ, ಕಮೋಡು, ಕಂಬಿ ಎಲ್ಲ ಬಿಳಿಯಾದರೆ ಮಂದದೃಷ್ಟಿ ಇರುವವರಿಗೆ ಯಾವುದೂ ಕಾಣುವುದಿಲ್ಲ. ಹಿಂದಿನ ಗೋಡೆಗೆ ಕಡುಬಣ್ಣದ ಟೈಲ್ಸ್ ಹಾಕಿಸಿ.

ಈ ಕೋಣೆ ಗಂಡಸರು ಹೆಂಗಸರು ಇಬ್ಬರಿಗೂ ಸೇರಿದ್ದಾಗಿ, ನೇರ ಕಾರಿಡಾರಿನಿಂದಲೇ ಹೋಗುವಂತೆ ಇರಲಿ. ಹೆಂಡತಿಗೆ ಗಂಡ, ದೊಡ್ಡ ಮಗನಿಗೆ ತಾಯಿ ಸಹಾಯ ಮಾಡುವ ಸಂಸಾರಗಳು ನಿಮ್ಮಲ್ಲಿಗೆ ಬರುತ್ತವೆ. ಅವರು ಯಾವ ಬಾಗಿಲಿಗೆ ಹೋಗಬೇಕು ಅಂತ ಹಿಂಜರಿಯಬಾರದು. ಜಾಗ ಸ್ವಲ್ಪ ಉಳಿದರೆ ಗೋಡೆಗೆ ಆರು ಅಡಿ ಉದ್ದದ ಮಡಚುವ ಬೆಂಚ್ ಹಾಕಿಸಿ. ಸೆರೆಬ್ರಲ್ ಪಾಲ್ಸಿ ಇರುವ ಹದಿನೈದು ವರ್ಷದ ಹುಡುಗನ ಡೈಪರನ್ನು ತಾಯಂದಿರು ಈಗ ಎಲ್ಲಿ ಬದಲಾಯಿಸುತ್ತಾರೆ? ಒದ್ದೆ ನೆಲದ ಮೇಲೆ ಮಲಗಿಸಿ. ಇದನ್ನು ತಪ್ಪಿಸಲು ಒಬ್ಬ ಬಡಗಿಯ ಎರಡು ದಿನದ ಕೆಲಸ ಸಾಕು. ನಿಮ್ಮ ಇಡೀ ಆರು ಲಕ್ಷದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ನೆಮ್ಮದಿ ಕೊಡುವ ವಸ್ತು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಮತ್ತೊಂದು ಕಟ್ಟುನಿಟ್ಟು: ಕೋಣೆ ದೊಡ್ಡದಿದೆ ಅಂತ ಅಲ್ಲಿ ಪೊರಕೆ, ಒಡೆದ ಕುರ್ಚಿ, ಫಿನಾಯಿಲ್ ಡಬ್ಬ ತುಂಬುವುದು ಮೊದಲ ದಿನದಿಂದಲೇ ನಿಷೇಧ. ಹೊರಗಿನಿಂದ ಬೀಗ ಹಾಕಿಡುವುದೂ ಬೇಡ.

ಒಳಗಿನ ಕೋಣೆಗಳಿಗೆ ಬರೋಣ. ಬಾಗಿಲುಗಳು 900 ಮಿ.ಮೀ. ತೆರವು ಕೊಡಬೇಕು. ಎಲ್ಲವನ್ನೂ ಒಡೆಸಲು ಹಣ ಸಾಲದಿದ್ದರೆ, ಬಾಗಿಲೇ ಬೇಡದ ಕಡೆ ಹಲಗೆಯನ್ನು ಕಳಚಿಬಿಡಿ, ಒಂದೂವರೆ ಇಂಚು ಸಿಗುತ್ತದೆ. ಗುಂಡು ಹಿಡಿಕೆಗಳನ್ನು ತೆಗೆದು ಮೊಣಕೈಯಿಂದಲೂ ಒತ್ತಬಹುದಾದ ಉದ್ದ ಹಿಡಿಕೆ ಹಾಕಿ. ಸ್ವಿಚ್ ಬೋರ್ಡುಗಳು ಹಳೇ ಮನೆಗಳಲ್ಲಿ ನಿಂತವರ ಭುಜದ ಮಟ್ಟದಲ್ಲಿರುತ್ತವೆ. ಕೂತವರಿಗೆ ಎಟಕುವಂತೆ 1000–1100 ಮಿ.ಮೀ.ಗೆ ಇಳಿಸಿ.

ಸ್ವಾಗತದ ಕಡೆ ಎತ್ತರದ ಗ್ರಾನೈಟ್ ಕೌಂಟರ್ ಬೇಡ. ವೀಲ್‌ಚೇರಿನಲ್ಲಿ ಬಂದವರಿಗೆ ಅದರ ಹಿಂದಿನ ಮುಖವೇ ಕಾಣದು. 750 ಮಿ.ಮೀ. ಎತ್ತರದ ಮೇಜು, ಕೆಳಗೆ ಮೊಣಕಾಲು ಸಲೀಸಾಗಿ ಹೋಗುವಷ್ಟು ಖಾಲಿ. ಮೇಜಿನ ಹಿಂದೆ ಕಿಟಕಿ ಇರಬಾರದು. ಬೆಳಕು ಹಿಂದಿನಿಂದ ಬಂದರೆ ಮಾತಾಡುವವರ ಮುಖ ಕಪ್ಪಾಗುತ್ತದೆ, ಕಿವಿ ಕೇಳದವರಿಗೆ ತುಟಿಯೂ ಕಾಣದು ಕೈಸನ್ನೆಯೂ ಕಾಣದು. ಕಿವುಡರಿಗಾಗಿಯೇ ಇರುವ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ 2005ರಿಂದ ಹ್ಯಾನ್ಸೆಲ್ ಬಾಮನ್ ಎಂಬ ವಾಸ್ತುಶಿಲ್ಪಿ ಕಿವುಡ ವಿದ್ಯಾರ್ಥಿಗಳು, ಅಧ್ಯಾಪಕರ ಜೊತೆ ಕೂತು ಇಂಥದ್ದೇ ವಿಷಯಗಳನ್ನು ಒಂದು ವಿನ್ಯಾಸ ಪದ್ಧತಿಯಾಗಿ ರೂಪಿಸಿದರು. ಬೆಳಕು ಮುಖದ ಮೇಲೆ ಬೀಳಬೇಕು, ಚರ್ಮದ ಬಣ್ಣಕ್ಕೆ ಎದ್ದುಕಾಣುವ ತಿಳಿನೀಲಿ ಅಥವಾ ಹಸಿರು ಗೋಡೆ ಇರಬೇಕು, ಎಲ್ಲರ ಕೈ ಎಲ್ಲರಿಗೂ ಕಾಣುವಂತೆ ವೃತ್ತಾಕಾರದಲ್ಲಿ ಕೂರಬೇಕು ಅನ್ನುವುದು ಅವರ ಮುಖ್ಯ ಸಂಗತಿಗಳು. ನಿಮ್ಮ ಮೀಟಿಂಗ್ ಕೋಣೆಗೆ ಉದ್ದನೆಯ ಮೇಜಿನ ಬದಲು ದುಂಡು ಮೇಜು ತಂದರೆ ಇದರಲ್ಲಿ ಅರ್ಧ ಮಾಡಿದ ಹಾಗೆ. ಕರೆಗಂಟೆಗೆ, ಬೆಂಕಿಯ ಅಲಾರಮ್ಮಿಗೆ ಮಿನುಗುವ ದೀಪ ಜೋಡಿಸಿ.

ಕಾಯುವ ಜಾಗದಲ್ಲಿ ಒಂದೇ ಥರದ ಕುರ್ಚಿ ಸಾಲು ಹಾಕಬೇಡಿ. ಕೆಲವಕ್ಕೆ ಕೈ ಇರಲಿ, ಒತ್ತಿ ಎದ್ದು ನಿಲ್ಲುವವರಿಗೆ. ಕೆಲವಕ್ಕೆ ಬೇಡ, ವೀಲ್‌ಚೇರಿನಿಂದ ಪಕ್ಕಕ್ಕೆ ಸರಿದು ಕೂರುವವರಿಗೆ. ಒಂದು ತಗ್ಗಾದ ದಿವಾನ ಇರಲಿ. ಸಾಲಿನ ಮಧ್ಯೆ ಎರಡು ಕಡೆ ಖಾಲಿ ಬಿಡಿ. ವೀಲ್‌ಚೇರಿನಲ್ಲಿ ಬಂದವರು ಮನೆಯವರ ಪಕ್ಕದಲ್ಲೇ ಇರಲಿ, ಹಾಲಿನ ಮೂಲೆಯಲ್ಲಿ ಒಂಟಿಯಾಗಿ ಅಲ್ಲ. ಹೆಸರು ಕೂಗಿ ‘ಯಾವ ತೊಂದರೆ?’ ಅಂತ ಎಲ್ಲರೆದುರು ಕೇಳುವ ಪದ್ಧತಿ ನಿಲ್ಲಬೇಕು. ಮಾನಸಿಕ ಕಾಯಿಲೆ ಇರುವವರು ಅದೊಂದೇ ಕಾರಣಕ್ಕೆ ಎರಡನೇ ಸಲ ಬರದೆ ಹೋಗಬಹುದು. ಸಮಾಲೋಚನೆಯ ಕೋಣೆ ಒಳಗಡೆ ಇರಲಿ, ಮಾತು ಹೊರಗೆ ಕೇಳದಿರಲಿ.

ಆಟಿಸಂ ಇರುವ ಮಕ್ಕಳಿಗಾಗಿ ಒಂದು ಶಾಂತ ಕೋಣೆ ಬೇಕೇ ಬೇಕು. ಎಂಟಕ್ಕೆ ಎಂಟು ಅಡಿ ಇದ್ದರೂ ಸಾಕು. ಮಿಟುಕುವ ಟ್ಯೂಬ್‌ಲೈಟ್ ತೆಗೆದು ಮಂದ ಬೆಳಕಿನ ಬಲ್ಬ್ ಹಾಕಿ. ದಪ್ಪ ಪರದೆ, ನೆಲಕ್ಕೆ ಜಮಖಾನ, ಗೋಡೆಗೆ ಒಂದೇ ತಿಳಿ ಬಣ್ಣ. ಕಾರ್ಟೂನ್ ಚಿತ್ರಗಳನ್ನು ಬಳಿಸಲು ಎಲ್ಲರಿಗೂ ಆಸೆ, ದಯವಿಟ್ಟು ಈ ಕೋಣೆಯಲ್ಲಿ ಬೇಡ. ಹಳೇ ಮನೆಯ ದೇವರಕೋಣೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಾಲೀಕರು ಒಪ್ಪಿದರೆ ಅದನ್ನೇ ಬಳಸಿ.

ದೃಷ್ಟಿ ಇಲ್ಲದ ಸಿಬ್ಬಂದಿಗೆ ಮುಖ್ಯವಾಗಿ ಬೇಕಾದದ್ದು ಇಟ್ಟ ವಸ್ತು ಇಟ್ಟಲ್ಲೇ ಇರುವುದು. ಇದಕ್ಕೆ ಖರ್ಚೇ ಇಲ್ಲ. ಉಬ್ಬು ಟೈಲ್ಸ್ ಗೇಟಿನಿಂದ ಸ್ವಾಗತದ ಮೇಜಿನ ತನಕ ಸಾಕು. ಗೆರೆ ಇರುವ ಟೈಲ್ಸ್ ‘ಮುಂದೆ ನಡೆ’ ಅನ್ನುತ್ತದೆ, ಚುಕ್ಕೆ ಇರುವುದು ‘ನಿಲ್ಲು, ಏನೋ ಬದಲಾಗುತ್ತಿದೆ’ ಅನ್ನುತ್ತದೆ. ಚಂದಕ್ಕೆ ಅಂತ ಇವನ್ನು ಅದಲುಬದಲು ಜೋಡಿಸಿದರೆ ಹಾಕದೇ ಇರುವುದೇ ವಾಸಿ. ಕೋಣೆಯ ಹೆಸರಿನ ಫಲಕ ಬಾಗಿಲ ಮೇಲೆ ಬೇಡ, ಹಿಡಿಕೆಯ ಪಕ್ಕದ ಗೋಡೆಯಲ್ಲಿ 1400–1600 ಮಿ.ಮೀ. ಎತ್ತರದಲ್ಲಿರಲಿ. ಬಾಗಿಲಿಗೆ ಹಾಕಿದರೆ, ಬ್ರೈಲ್ ಓದುತ್ತಿರುವವರ ಮುಖಕ್ಕೇ ಬಾಗಿಲು ತೆರೆದೀತು. ದಪ್ಪ ಕನ್ನಡ ಅಕ್ಷರ, ಕೆಳಗೆ ಕನ್ನಡ ಬ್ರೈಲ್, ಪಕ್ಕದಲ್ಲಿ ಓದಲು ಬಾರದವರಿಗೆ ಒಂದು ಚಿತ್ರ.

ಅಡುಗೆಮನೆಯನ್ನು ಮರೆಯಬೇಡಿ. ಕಟ್ಟೆಯ ಒಂದು ಭಾಗವಾದರೂ 800 ಮಿ.ಮೀ. ಎತ್ತರದಲ್ಲಿ, ಕೆಳಗೆ ಖಾಲಿಯಾಗಿರಲಿ. ವೀಲ್‌ಚೇರಿನಲ್ಲಿರುವ ಸಹೋದ್ಯೋಗಿಯೂ ಎಲ್ಲರಿಗೂ ಟೀ ಮಾಡಿಕೊಡುವಂತಾಗಲಿ. ಸ್ಟೀಲ್ ಲೋಟದ ಜೊತೆ ಹಿಡಿ ಇರುವ ಕಪ್ಪುಗಳನ್ನೂ ಇಡಿ. ಬೆರಳಲ್ಲಿ ಸ್ಪರ್ಶ ಇಲ್ಲದವರಿಗೆ ಬಿಸಿ ಲೋಟ ಸುಟ್ಟರೂ ಗೊತ್ತಾಗುವುದಿಲ್ಲ. ಒಂದು ಕೋಣೆಯಲ್ಲಿ ಮಂಚ ಇರಲಿ. ಬೆನ್ನುಹುರಿ ಪೆಟ್ಟಾಗಿರುವ ಸಿಬ್ಬಂದಿ ದಿನವಿಡೀ ಕೂತರೆ ಒತ್ತಡದ ಹುಣ್ಣು ಆಗುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಮಗ್ಗುಲಾಗಲು ಜಾಗ ಕೊಡುವುದು ಔದಾರ್ಯವಲ್ಲ, ಅವರಿಗೆ ಮೇಜು ಕುರ್ಚಿ ಕೊಟ್ಟಷ್ಟೇ ಸಹಜ.

ಕಾನೂನನ್ನು ಚುಟುಕಾಗಿ ಹೇಳುತ್ತೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸೇವೆ ಕೊಡುವ ಖಾಸಗಿ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಸೆಕ್ಷನ್ 46 ನೋಡಿ. ಅಳತೆಗಳಿಗೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿ ಇದೆ. ಮೇಲೆ ಹೇಳಿದ ಅಳತೆಗಳು ಬಹುತೇಕ ಇಂಥ ಮಾರ್ಗಸೂಚಿಗಳವೇ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಮಾಲೀಕರಿಗೆ, ದಾನಿಗಳಿಗೆ ವಿವರಿಸುವಾಗ ಇದು ನಿಮಗೆ ಬಲ.

ಕರಾರಿನ ಬಗ್ಗೆ: 11 ತಿಂಗಳ ಮಾಮೂಲಿ ಬಾಡಿಗೆ ಕರಾರಿನ ಮೇಲೆ ಆರು ಲಕ್ಷ ಸುರಿಯಬೇಡಿ. ಕನಿಷ್ಠ ಐದು ವರ್ಷದ ಗುತ್ತಿಗೆ ಮಾಡಿಸಿ, ನೋಂದಣಿ ಮಾಡಿಸಿ. ಯಾವ ಗೋಡೆ ತೆಗೆಯುತ್ತೀರಿ, ಬಿಡುವಾಗ ಏನನ್ನು ಮೊದಲಿನ ಹಾಗೆ ಮಾಡಿಕೊಡುತ್ತೀರಿ ಅನ್ನುವುದೆಲ್ಲ ಅದರಲ್ಲಿ ಬರೆದಿರಲಿ. ಕಂಬಿ, ಫಲಕ, ಮಡಚುವ ಬೆಂಚು, ಮೇಜುಗಳನ್ನು ಹೊಸ ಜಾಗಕ್ಕೆ ಒಯ್ಯಬಹುದು. ನನ್ನ ಅಂದಾಜಿನಲ್ಲಿ ನಿಮ್ಮ ಹಣದ ಅರ್ಧಕ್ಕಿಂತ ಜಾಸ್ತಿ ಶೌಚಾಲಯ ಮತ್ತು ರ‍್ಯಾಂಪಿಗೆ ಹೋಗುತ್ತದೆ. ಹೋಗಲಿ. ಬಾಗಿಲು, ಸ್ವಿಚ್ಚು, ದೀಪ ಆಮೇಲೆ. ಪೀಠೋಪಕರಣ ಕೊನೆಗೆ, ಅದಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಶೌಚಾಲಯಕ್ಕೆ ತಮ್ಮ ಹೆಸರು ಹಾಕಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಕರಾರಿಗೆ ಸಹಿ ಹಾಕುವ ಮೊದಲು ಒಂದು ಭಾನುವಾರ ಆ ಖಾಲಿ ಮನೆಯ ಬೀಗದಕೈ ಕೇಳಿ ಪಡೆಯಿರಿ. ನಿಮ್ಮ ಐವರು ಸಿಬ್ಬಂದಿ, ಸುತ್ತಲಿನ ಪಂಚಾಯಿತಿಗಳ ನಾಲ್ಕಾರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇಬ್ಬರು ತಾಯಂದಿರನ್ನು ಕರೆಯಿರಿ. ಆ ಕಾರ್ಯಕರ್ತರೂ ವಿಕಲಚೇತನರೇ, ಹಳ್ಳಿಯಿಂದ ಬರುವವರ ಕಷ್ಟ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಬಂದವರಿಗೆ ಊಟದ ಜೊತೆ ದಿನದ ಸಂಭಾವನೆಯನ್ನೂ ಕೊಡಿ, ಅವರು ಮಾಡುತ್ತಿರುವುದು ಪರಿಣತರ ಕೆಲಸ. ಸುಣ್ಣದ ಪುಡಿಯಲ್ಲಿ ಶೌಚಾಲಯದ ಗೋಡೆ, ಕಮೋಡು, ಮೇಜು, ಬೆಂಚು ಎಲ್ಲವನ್ನೂ ನಿಜ ಅಳತೆಯಲ್ಲೇ ನೆಲದ ಮೇಲೆ ಬಿಡಿಸಿ. ವೀಲ್‌ಚೇರ್ ತಿರುಗಿಸಿ ನೋಡಲಿ, ಗೆರೆ ದಾಟಿದರೆ ಗೆರೆ ಸರಿಸಿ. ದೃಷ್ಟಿ ಇಲ್ಲದವರಿಗೆ ಹಗ್ಗ ಹಾಸಿ ಅದೇ ನಕ್ಷೆ ಮಾಡಿಕೊಡಿ. ಸಾಧ್ಯವಾದರೆ ಅದಕ್ಕೂ ಮುಂಚೆ ಬೆಂಗಳೂರಿಗೆ ಹೋಗಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳನ್ನು ನೋಡಿ ಬನ್ನಿ. ಅಲ್ಲಿನ ಮುಖ್ಯಸ್ಥರ ಜೊತೆಗೆ, ಅಲ್ಲಿ ಕೆಲಸ ಮಾಡುವ ವಿಕಲಚೇತನ ಸಿಬ್ಬಂದಿಯನ್ನೂ ಮಾತಾಡಿಸಿ. ‘ಈಗ ಕಟ್ಟುವುದಾದರೆ ಏನನ್ನು ಬೇರೆ ಥರ ಮಾಡುತ್ತಿದ್ದಿರಿ?’ ಅಂತ ಕೇಳಿ, ಅವರು ಹೇಳಿದ್ದನ್ನು ಅಳತೆ ಸಮೇತ ಬರೆದುಕೊಳ್ಳಿ. ಭಾನುವಾರ ಗೆರೆ ಎಳೆಯುವಾಗ ಆ ಪುಸ್ತಕ ನಿಮ್ಮ ಕೈಯಲ್ಲಿರಲಿ.